ತಟ್ಟೆಯಲ್ಲಿ ತಳ್ಳಿದ ಪೊಟ್ಟಣ

ಮಾಂಸದಂಗಡಿಯವನ ಒದ್ದೆ ಬೆರಳು ಅಂಗೈಗೆ ತಾಗಿದ್ದೇ ತಡ, ಅವಳು ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಲಿವರ್ ಪೊಟ್ಟಣ ನೆಲಕ್ಕೆ ಬಿತ್ತು.

“ಥೂ...”

ಅಂಗೈಯನ್ನು ಗೋಡೆಗೆ ಉಜ್ಜಿ ಒರೆಸಿದಳು. ಅವನ ಮುಖ ಸಪ್ಪಗಾದದ್ದನ್ನು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಬಟ್ಟೆ ಹೊಲಿದು ಬದುಕುವವಳು, ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು. ಆದರೆ ಅವಳ ನಾಯಿ ಗುಂಡ ಮೈ ಕೆರೆದು ಕೆರೆದು ಬೆನ್ನೆಲ್ಲ ಹುಣ್ಣು ಮಾಡಿಕೊಂಡಿದ್ದ.

“ಪ್ಯಾಕೆಟ್ ಊಟ ಇವನಿಗೆ ಆಗಿಬರ್ತಿಲ್ಲ. ನಿಧಾನವಾಗಿ ಬಿಡಿಸಿ, ಮನೇಲೇ ಹಸಿ ಮಾಂಸ ಕಲಸಿ ಕೊಟ್ಟು ನೋಡೋಣ,” ಎಂದಿದ್ದರು ನಾಯಿ ಡಾಕ್ಟರು.

ಕಲಸುವುದೆಂದರೆ... ಅಬ್ಬಾ! ಲಿವರ್ ಜೀವ ಇರುವಂತೆ ಮಣೆಯ ಮೇಲೆ ಜಾರುತ್ತಿತ್ತು. ಅದರ ವಾಸನೆ ಪರದೆಗೆ, ಕೂದಲಿಗೆ, ಹೊಲಿಯಲು ಬಂದ ರೇಷ್ಮೆಗೂ ಅಂಟಿದಂತೆನಿಸುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿ, ಚಮಚದಲ್ಲಿ ಕಲಸಿ, ಬಚ್ಚಲಿಗೆ ಓಡುತ್ತಿದ್ದಳು.

ಅಕ್ಕ ಬಾಗಿಲಲ್ಲೇ ನಿಂತು ನಗುತ್ತಿದ್ದಳು. “ಗುಂಡನಿಗೆ ಇಷ್ಟೆಲ್ಲ ಮಾಡ್ತೀಯ. ಒಬ್ಬ ಗಂಡನ್ನ ಕಟ್ಕೊಂಡು ಅವನಿಗೆ ಮಾಡೋಕೆ ಏನಾಗಿತ್ತೇ ನಿನಗೆ?”

“ಗುಂಡ ಎದುರು ಮಾತಾಡಲ್ಲ. ನೀನು ಸುಮ್ನಿರು.”

ಚಮಚದಲ್ಲಿ ಕಲಸಿದರೆ, ಡಾಕ್ಟರು ಸೇರಿಸಲು ಹೇಳಿದ್ದ ಕುಂಬಳಕಾಯಿ ತುರಿ ಸರಿಯಾಗಿ ಬೆರೆಯದೆ, ಗುಂಡ ಅದನ್ನಷ್ಟೇ ತಿನ್ನದೆ ಬಿಟ್ಟುಬಿಡುತ್ತಿದ್ದ. ಕೊನೆಗೊಂದು ದಿನ ಕಣ್ಣು ಮುಚ್ಚಿ ಕೈಯನ್ನೇ ಹಾಕಿದಳು. ತಣ್ಣಗೆ, ಲೋಳೆಲೋಳೆ... ಗುಂಡ ಬೋಗುಣಿಯನ್ನು ನೆಕ್ಕಿ, ಆಮೇಲೆ ಅವಳ ಬೆರಳುಗಳನ್ನೂ ನೆಕ್ಕಿದ.

ಹುಣ್ಣು ಒಣಗಿತು. ಬೆನ್ನ ಮೇಲೆ ಹೊಸ ಕೂದಲು ಮೂಡಿತು.

ಅಂಗಡಿಯವನು ಅವಳು ಹೋದಾಗಲೆಲ್ಲ ಗುಂಡನ ಬಗ್ಗೆ ಕೇಳುತ್ತಿದ್ದ, “ನಮ್ಮ ಹುಡುಗ ಹೇಗಿದ್ದಾನೆ?”

ಆ ‘ನಮ್ಮ’ ಅನ್ನುವುದನ್ನು ಕೇಳಲೆಂದೇ ಅವಳ ಕಾಲು ಬೇಗ ಬೇಗ ನಡೆಯುತ್ತಿತ್ತು. ಆದರೆ ಉಳಿದವರ ಕೈಗೆ ಪೊಟ್ಟಣ ಕೊಟ್ಟು ತಮಾಷೆ ಮಾಡುವವನು ಅವಳಿಗೆ ಮಾತ್ರ ಅದನ್ನು ತಟ್ಟೆಯಲ್ಲಿಟ್ಟು ತಳ್ಳುತ್ತಿದ್ದ.

‘ನನ್ನನ್ನೊಬ್ಬಳನ್ನೇ ಯಾಕೆ ದೂರ ಇಡ್ತಾನೆ?’

ಒಂದು ದಿನ ತಡೆಯಲಾಗಲಿಲ್ಲ. “ನಾಳೆಯಿಂದ ಬೇರೆ ಅಂಗಡಿಗೆ ಹೋಗ್ತೀನಿ.”

ಅವನ ಕತ್ತಿ ನಿಂತಿತು. “ಮಾಂಸ ಚೆನ್ನಾಗಿಲ್ವಾ ಮೇಡಂ?”

“ಮಾಂಸ ಚೆನ್ನಾಗಿದೆ. ಭಿಕ್ಷೆ ಹಾಕೋ ಹಾಗೆ ತಟ್ಟೇಲಿ ತಳ್ತೀರಲ್ಲ, ಅದು ಚೆನ್ನಾಗಿಲ್ಲ.”

ಅವನು ಕತ್ತಿಯನ್ನು ಕೆಳಗಿಟ್ಟ.

“ಮೊದಲ ದಿನ ನನ್ನ ಕೈ ತಾಗಿದ್ದಕ್ಕೆ ನೀವು ಗೋಡೆಗೆ ಒರೆಸ್ಕೊಂಡ್ರಿ. ಅವತ್ತು ಎಷ್ಟು ಸೋಪು ಹಾಕಿ ತೊಳೆದೆ ಗೊತ್ತಾ? ಈ ವಾಸನೆ ಹೋಗಲ್ಲ. ಬೇರೆ ಯಾರು ಮೂಗು ಮುಚ್ಚಿಕೊಂಡ್ರೂ ನನಗೇನಿಲ್ಲ. ನೀವು ಇನ್ನೊಂದು ಸಲ ಕೈ ಎಳ್ಕೊಂಡ್ರೆ... ತಡ್ಕೊಳೋಕೆ ಆಗ್ತಿರಲಿಲ್ಲ.”

ಅವಳು ಮೆಲ್ಲಗೆ ತನ್ನ ಕೈ ಅವನ ಮೂಗಿನ ಹತ್ತಿರ ಹಿಡಿದಳು. “ಮೂಸಿ ನೋಡಿ.”

“...ಲಿವರ್!”

“ದಿನಾ ಕೈಯಲ್ಲೇ ಕಲಸ್ತೀನಿ. ದಿನಾ ವಾಕರಿಕೆ ಬರುತ್ತೆ. ಆದ್ರೂ ಬಿಡಲ್ಲ. ಅವನು ಬೇಕಲ್ಲ ನನಗೆ.”

“ಅವನೊಬ್ಬನೇನಾ?”

“ಆ ತಟ್ಟೆ ಒಳಗಿಡಿ,” ಅಂದಳು.

ಪೊಟ್ಟಣದ ಅಡಿಯಲ್ಲಿ ಅವನ ಒದ್ದೆ ಬೆರಳುಗಳು ಅವಳ ಬೆರಳುಗಳನ್ನು ಸೇರಿದವು. ತಣ್ಣಗೆ, ಜಿಡ್ಡುಜಿಡ್ಡಾಗಿ. ಅವಳ ಮೈ ಜುಮ್ಮೆಂದಿತು.

“ಅಸಹ್ಯ ಆಗ್ತಿದೆಯಾ?”

“ಆಗ್ತಿದೆ,” ಅಂದಳು. “ಬಿಡಬೇಡಿ.”