ಮೂತಿಯ ಮೇಲೊಂದು ಬೆರಳ ಗುರುತು

"ಬಿಡ್ರೀ ಡಬ್ಬಿನ!"

"ನೀವು ಬಿಡಿ. ಮೊದಲು ಕೈ ಹಾಕಿದ್ದು ನಾನು!"

ಪ್ಲಾಸ್ಟಿಕ್ ಮಾಡೆಲ್ ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಸರಕು ವಿಮಾನದ ಡಬ್ಬಿ ಅದು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಯಾವನೋ ಉದ್ದನೆಯ ಮನುಷ್ಯನ ಕೈಯಲ್ಲಿ. ಇಬ್ಬರೂ ಮೂವತ್ತು ದಾಟಿದವರು. ಎಳೆದಾಡುತ್ತಿದ್ದ ರೀತಿ ಮಾತ್ರ ಮೂರು ವರ್ಷದ ಮಕ್ಕಳದ್ದು!

ಅಂಗಡಿಯ ಯಜಮಾನರಿಗೆ ಎಲ್ಲರೂ ಡಬ್ಬಿ ಮಾಮ ಅನ್ನುತ್ತಿದ್ದರು. ಅವರು ಕನ್ನಡಕದ ಮೇಲಿಂದ ಇಣುಕಿದರು. "ಹಲ್ಲು ಮೇಡಂ, ತಕ್ಕಡಿ ಸಾರ್... ಹರಿದುಹೋದ್ರೆ ಇಬ್ಬರಿಗೂ ಇಲ್ಲ ನೋಡಿ."

ಹಲ್ಲು ಮೇಡಂ ಅಂದರೆ ಅವಳೇ. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಇನ್ನೊಬ್ಬ, ಹಿಂದಿನ ಬೀದಿಯಲ್ಲಿ ತಕ್ಕಡಿ ರಿಪೇರಿ ಅಂಗಡಿ ಇಟ್ಟುಕೊಂಡವನು.

"ನಂಗೆ ಇದರ ರೆಕ್ಕೆ ಮಾತ್ರ ಸಾಕು," ಎಂದಳು. "ಕೊಯ್ದು ಬೇರೆ ವಿಮಾನಕ್ಕೆ ಹಾಕ್ತೀನಿ."

"ಯಾವ ವಿಮಾನಕ್ಕೆ?"

"ಎಲ್ಲೂ ಇಲ್ಲದ ವಿಮಾನಕ್ಕೆ."

ಅವನು ಹೌಹಾರಿಬಿಟ್ಟ. "ಇಲ್ಲದ್ದನ್ನ ಕಟ್ಟೋಕೆ ಇರೋದನ್ನ ಹಾಳು ಮಾಡ್ತೀರಾ?"

ಅಷ್ಟೇ! ಅವಳ ಕಣ್ಣು ತುಂಬಿಕೊಂಡಿತು. ಛೆ, ಗುರುತು ಪರಿಚಯ ಇಲ್ಲದವನ ಮುಂದೆ... ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಡಬ್ಬಿ ಬಿಟ್ಟ. ತಲೆ ಕೆರೆದುಕೊಂಡ. "ರೆಕ್ಕೆ ನೀವು ತಗೊಳ್ಳಿ. ಮಿಕ್ಕಿದ್ದು ನಂಗಿರಲಿ."

"ರೆಕ್ಕೆ ಇಲ್ಲದ ವಿಮಾನ ಇಟ್ಕೊಂಡು ಏನ್ಮಾಡ್ತೀರಿ?"

"ಪ್ಲಾಸ್ಟಿಕ್ ಹಾಳೆ ಕೊಯ್ದು ಮಾಡ್ಕೋತೀನಿ. ಏನು, ಒಂದಾರು ತಿಂಗಳು ಹಿಡಿಯುತ್ತೆ."

ಡಬ್ಬಿ ಮಾಮ ಅಂಗಡಿಯ ಹಿಂದಿನ ಮೇಜು ತೋರಿಸಿದರು. "ಭಾನುವಾರ ಮಧ್ಯಾಹ್ನ ಇಬ್ರೂ ಇಲ್ಲೇ ಕೂತು ಕಟ್ಟಿ. ಜಗಳ ಆಡಿದ್ರೆ ಇಬ್ಬರನ್ನೂ ಆಚೆ ಹಾಕ್ತೀನಿ."

ಅವಳ ಕಣ್ಣೇಕೆ ತುಂಬಿತು ಅಂತ ಅವನಿಗೆ ಗೊತ್ತಾಗಲಿಲ್ಲ. ಅವಳೂ ಹೇಳಲಿಲ್ಲ. ನಿಮಗೆ ನಾನು ಹೇಳಿಬಿಡುತ್ತೇನೆ.

ಅವಳ ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಸಂಜೆ ಮಂಚದ ಪಕ್ಕ ಕೂತು ಅವಳು ಮಾಡೆಲ್ ವಿಮಾನದ ಕಿಟ್ ಜೋಡಿಸುತ್ತಿದ್ದಳು. ಒಂದು ದಿನ ಅಮ್ಮ ಕೇಳಿದರು, "ಇದ್ರಲ್ಲಿ ನಾನು ಹತ್ತಬಹುದೇನೇ?"

"ಇದ್ರಲ್ಲಿ ಆಗಲ್ಲಮ್ಮ. ನಿಂಗೇ ಅಂತ ಒಂದು ಕಟ್ತೀನಿ. ಅದಕ್ಕೆ ನಿಲ್ದಾಣವೇ ಬೇಡ, ನಮ್ಮ ಕಿಟಕಿ ಹತ್ರಾನೇ ಬಂದು ನಿಲ್ಲುತ್ತೆ!"

"ಹಾಗಾದ್ರೆ ಬಾಗಿಲು ಅಗಲ ಇರಲಿ. ಗಾಲಿಕುರ್ಚಿ ಹಿಡೀಬೇಕು. ಕಾಲು ಚಾಚೋಕೂ ಜಾಗ ಇಡು, ಮರೀಬೇಡ."

ಹಾಗೆ ಶುರುವಾಯಿತು. ಒಂದು ಕಿಟ್‌ನ ದಪ್ಪ ಹೊಟ್ಟೆ, ಇನ್ನೊಂದರ ಮೂತಿ, ಹೆಲಿಕಾಪ್ಟರಿನ ಬಾಗಿಲು. ಮೂತಿಯ ಎರಡು ಹೋಳು ಅಂಟಿಸಿದಾಗ, ಅಂಟು ಆರುವವರೆಗೆ ಒತ್ತಿ ಹಿಡಿದಿದ್ದು ಅಮ್ಮನೇ. ಹೆಬ್ಬೆರಳು ಅಂಟಿಗೆ ತಗುಲಿತು. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಬೆರಳ ಗೆರೆಯೆಲ್ಲ ಅಚ್ಚೊತ್ತಿಬಿಟ್ಟಿತು.

"ಅಯ್ಯೋ, ಕೆಡಿಸಿಬಿಟ್ನಾ?"

"ಉಜ್ಜಿದ್ರೆ ಹೋಗುತ್ತೆ ಬಿಡಮ್ಮ."

ನಾಳೆ ಉಜ್ಜೋಣ ಅಂದುಕೊಂಡಳು. ಎಂಟನೇ ದಿನಕ್ಕೆ ಅಮ್ಮನೇ ಇರಲಿಲ್ಲ. ಆಮೇಲೆ ಉಜ್ಜುವುದಕ್ಕೆ ಅವಳ ಕೈ ಬರಲಿಲ್ಲ.

ಅವತ್ತಿನಿಂದ ಅವಳದು ಒಂಟಿ ಬದುಕು. ಒಂದು ತಟ್ಟೆ, ಒಂದು ಲೋಟ. ಹಗಲೆಲ್ಲ ಯಾರು ಯಾರದೋ ನಗುವಿಗೆ ಹಲ್ಲು ಜೋಡಿಸಿ ಕಳಿಸುತ್ತಿದ್ದಳು. ಆ ನಗುಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ.

ಭಾನುವಾರಗಳು ಬಂದವು. ಅವನು ಮಾತು ಕಡಿಮೆ. ಆದರೆ ಬಂದ ಕೂಡಲೇ ಮೇಜಿನ ದೀಪವನ್ನು ಅವಳ ಕಡೆ ತಿರುಗಿಸುತ್ತಿದ್ದ. ಕೇಳದೆಯೇ ಎರಡು ಲೋಟ ಚಹಾ ತರುತ್ತಿದ್ದ. ಎರಡು ಲೋಟ! ಮೊದಲ ಸಲ ಅವಳು ಅದನ್ನೇ ನೋಡುತ್ತ ಕೂತುಬಿಟ್ಟಿದ್ದಳು, ಚಹಾ ತಣ್ಣಗಾಗಿತ್ತು.

ಒಂದು ವಾರ ಅವನು ಅವಳ ವಿಮಾನವನ್ನು ಅಂಗೈಯಲ್ಲಿ ತೂಗಿ ನೋಡಿದ. "ರೀ, ಮೂತಿ ಒಳಗೆ ತೂಕ ಇಡದೆ ಮುಚ್ಚಿಬಿಟ್ಟಿದ್ದೀರಿ. ಹಿಂದೆ ಭಾರ ಜಾಸ್ತಿ. ಚಕ್ರದ ಮೇಲೆ ನಿಲ್ಲಲ್ಲ, ಬಾಲ ಊರಿ ಕೂತುಬಿಡುತ್ತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಈ ಹುಚ್ಚು ಹಿಡಿದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು.

"ಮೂತಿ ಬಿಚ್ಚಿ, ಕೂರಿಸಿಕೊಡ್ತೀನಿ."

"ಬಿಚ್ಚಲ್ಲ."

"ಯಾಕೆ?"

"ಬಿಚ್ಚಲ್ಲ ಅಂದೆನಲ್ಲ! ಬಾಲದ ಕೆಳಗೆ ಕಡ್ಡಿ ಕೊಟ್ಟು ನಿಲ್ಲಿಸ್ತೀನಿ."

ಅವನು ದೀಪವನ್ನು ಹತ್ತಿರ ಎಳೆದುಕೊಂಡ. ಮೂತಿಯನ್ನೇ ತುಂಬಾ ಹೊತ್ತು ನೋಡಿದ.

ಮುಂದಿನ ವಾರ ಲ್ಯಾಬಿನಲ್ಲಿ ಕೆಲಸದ ರಾಶಿ, ಅವಳು ಬರಲಾಗಲಿಲ್ಲ. ವಿಮಾನ ಅಂಗಡಿಯಲ್ಲೇ ಇತ್ತು. ಅದರ ಮುಂದಿನ ವಾರ ಓಡೋಡಿ ಬಂದಳು. ಅವನನ್ನು ನೋಡೋಕೆ ಇಷ್ಟು ಆತುರವಾ ನನಗೆ? ತನ್ನಷ್ಟಕ್ಕೇ ನಕ್ಕಳು.

ಆ ನಗು ಬಾಗಿಲಲ್ಲೇ ಸತ್ತಿತು.

ವಿಮಾನದ ಮೂತಿ ಪೂರ್ತಿ ಬೂದು ಬಣ್ಣ! ಕೆಳಗೆ ಹೊಸದಾಗಿ ಮೆತ್ತಿದ ಪುಟ್ಟಿ, ನುಣ್ಣಗೆ ಉಜ್ಜಿದ ಗುರುತು. ಪಕ್ಕದಲ್ಲಿ ಉಪ್ಪುಕಾಗದ. ಅಮ್ಮನ ಹೆಬ್ಬೆರಳು ಎಲ್ಲಿ? ಎಲ್ಲಿದೆ?

"ಯಾರನ್ನ ಕೇಳಿ ಮುಟ್ಟಿದ್ರಿ?" ಅವಳು ವಿಮಾನವನ್ನು ತನ್ನತ್ತ ಎಳೆದುಕೊಂಡಳು.

"ಅದು... ತೂಕ..."

"ಒಂದು ಮಾತೂ ಬೇಡ! ನಿಮಗೆ ಎಲ್ಲಾ ನುಣ್ಣಗಿರಬೇಕು, ಪುಸ್ತಕದಲ್ಲಿ ಇದ್ದ ಹಾಗೇ ಇರಬೇಕು, ಅಲ್ವಾ? ನೀವು ಏನನ್ನ ಅಳಿಸಿದ್ರಿ ಗೊತ್ತಾ? ನನ್ನ ಹತ್ರ ಉಳಿದಿದ್ದು ಅದೊಂದೇ!"

ಅವನು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುರುಕಿ ಹೊರಟೇಬಿಟ್ಟಳು.

ಮೂರು ಭಾನುವಾರ ಕಳೆದವು. ಬೇರೆ ಊರಲ್ಲಿದ್ದ ಅಕ್ಕ ಫೋನ್ ಮಾಡಿದಳು. "ದನಿ ಯಾಕೆ ಹೀಗಿದೆ? ಆ ಪ್ಲಾಸ್ಟಿಕ್ ಜೊತೆ ಸಂಸಾರ ಸಾಕು ಮಾಡೇ!"

"ಸಾಕು ಮಾಡಿದೆ ಅಕ್ಕ," ಎಂದಳು. ಫೋನ್ ಇಟ್ಟು ಅತ್ತಳು. ಅಮ್ಮನಿಗಾಗಿ ಅತ್ತಳು, ನಿಜ. ಆದರೆ ಎರಡನೇ ಲೋಟಕ್ಕಾಗಿಯೂ ಅತ್ತಳು. ಅದು ಅವಳಿಗೂ ಗೊತ್ತಾಗಿ ಇನ್ನಷ್ಟು ಅಳು ಬಂತು.

ನಾಲ್ಕನೇ ಭಾನುವಾರ ಬೆಳಿಗ್ಗೆ, ಅಟ್ಟಕ್ಕೆ ಹಾಕೋಣ ಅಂತ ಡಬ್ಬಿ ತೆಗೆದಳು. ಕೊನೇ ಸಲ ನೋಡಿಬಿಡೋಣ ಅನ್ನಿಸಿತು. ಮೇಜಿನ ಮೇಲಿಟ್ಟು, ಬಾಲ ಊರುತ್ತದೆಂದು ಕಡ್ಡಿ ಹುಡುಕಿದಳು.

ವಿಮಾನ ಬಾಲ ಊರಲಿಲ್ಲ. ಮೂರೂ ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು!

ಮೂತಿಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ಹಿಡಿಯುವ ಬೆರಳು ಅದು. ಏನೋ ತಡೆಯಿತು... ಒಂದು ಅಂಚು.

ಉಗುರಿನಿಂದ ಎಬ್ಬಿಸಿದಳು. ಬೂದು ಬಣ್ಣದಡಿಯಲ್ಲಿ ಅಂಟುಪಟ್ಟಿಯ ಪುಟ್ಟ ತುಂಡು ಮೇಲೆದ್ದಿತು. ಅದರ ಕೆಳಗೆ, ಒಂದು ಗೆರೆಯೂ ಮಾಸದೆ, ಅಮ್ಮನ ಹೆಬ್ಬೆರಳು!

ಉಜ್ಜಿ ಬಣ್ಣ ಹೊಡೆಯುವ ಮೊದಲು ಅವನು ಅದನ್ನು ಮುಚ್ಚಿ ಕಾಪಾಡಿದ್ದ. ಮುಂದಿನ ಚಕ್ರದ ಗೂಡಿನಿಂದ, ಕೆಳಗಿನಿಂದಲೇ ಕೊರೆದು ತೂಕ ಕೂರಿಸಿದ್ದ. ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!

ಚಪ್ಪಲಿ ಯಾವುದು ಅಂತಲೂ ನೋಡದೆ ಓಡಿದಳು.

ತಕ್ಕಡಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಅವನು ಒಬ್ಬನೇ ಕೂತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಮುಂದೆ ಒಂದು ಮರದ ಪೆಟ್ಟಿಗೆ, ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ನಡುವೆ ಒಂದು ಗುಳಿ ಖಾಲಿ.

ಅವಳು ಆ ಗುಳಿಯನ್ನೇ ನೋಡಿದಳು. "ಇದು... ನನ್ನ ವಿಮಾನದಲ್ಲಿದೆಯಾ?"

"ಇಪ್ಪತ್ತು ಗ್ರಾಂದು. ಸರಿಯಾಗಿ ಅಷ್ಟೇ ಬೇಕಿತ್ತು. ಈ ಪೆಟ್ಟಿಗೆ ಅಪ್ಪನ ಕಾಲದ್ದು."

"ಸೆಟ್ಟು ಮುರಿದ್ರಾ! ಸೀಸದ ಗುಂಡು ಹಾಕಿದ್ರೆ ಸಾಕಿತ್ತಲ್ಲ!"

"ಸಾಕಿತ್ತು." ಅವನು ತಲೆ ತಗ್ಗಿಸಿದ. "ನಂದೂ ಏನಾದ್ರೂ ಅದ್ರಲ್ಲಿ ಇರಲಿ ಅನ್ನಿಸ್ತು."

ಅವಳು ಖಾಲಿ ಗುಳಿಯ ಮೇಲೆ ಬೆರಳಿಟ್ಟಳು. "ಆ ಬೆರಳ ಗುರುತು... ನಿಮಗೆ ಹೇಗೆ ಗೊತ್ತಾಯ್ತು? ನಾನು ಹೇಳೇ ಇರಲಿಲ್ಲ."

"ಎಲ್ಲಾನೂ ಮೂರು ಸಲ ಉಜ್ಜೋರು ನೀವು. ಅದೊಂದನ್ನ ಬಿಟ್ಟಿದ್ರಿ. ನಿಮ್ಮ ಬೆರಳಿಗಿಂತ ದೊಡ್ಡದು ಅದು. ಯಾರೋ ಬೇಕಾದವರದ್ದು ಅಂದ್ಕೊಂಡೆ. ಕೇಳದೆ ಮುಟ್ಟಿದ್ದು ತಪ್ಪು. ಕ್ಷಮಿಸಿ."

"ಅಮ್ಮಂದು," ಎಂದಳು. ಅಳುತ್ತಲೇ ಎಲ್ಲ ಹೇಳಿದಳು. ಅಗಲ ಬಾಗಿಲು, ಕಿಟಕಿ, ಚಾಚಿದ ಕಾಲು. ಆಮೇಲೆ ಇನ್ನೂ ಒಂದು ಹೇಳಿದಳು. "ಈ ಮೂರು ವಾರ ನೀವಿಲ್ಲದೆ ನಂಗೆ ಆಗಲಿಲ್ಲ ರೀ. ಮನೇಲಿ ಎರಡು ಲೋಟ ಇಟ್ಟು ಚಹಾ ಮಾಡಿದೀನಿ, ಗೊತ್ತಾ?"

ಅವನ ಕಣ್ಣೂ ತೇವವಾಯಿತು. "ನಾನೂ ಎರಡೇ ತರಿಸ್ತಿದ್ದೆ. ಇನ್ನೊಂದನ್ನ ಡಬ್ಬಿ ಮಾಮ ಕುಡಿದುಬಿಡ್ತಿದ್ರು."

ಅವಳು ಅಳುವಿನ ನಡುವೆಯೇ ನಕ್ಕಳು.

ಆ ಮಧ್ಯಾಹ್ನ ಡಬ್ಬಿ ಮಾಮನ ಅಂಗಡಿಯ ಅದೇ ಹಿಂದಿನ ಮೇಜು. ಬಾಲದ ರೆಕ್ಕೆಯೊಂದು ಅಂಟಿಸುವುದಿತ್ತು. ಅವಳು ಅಂಟು ಸವರಿ ಕೂರಿಸಿದಳು.

"ಹಿಡ್ಕೊಳ್ಳಿ. ಆರೋವರೆಗೂ ಬಿಡಬೇಡಿ."

ಅವನು ಕೈ ಹಿಂದೆ ಎಳೆದುಕೊಂಡ. "ಇಕ್ಕಳ ತರ್ತೀನಿ. ಕೈಲಿ ಹಿಡಿದ್ರೆ ಗುರುತು ಬೀಳುತ್ತೆ ರೀ."

ಅವಳು ಅವನ ಹೆಬ್ಬೆರಳನ್ನು ಹಿಡಿದು ತಂದು, ಹಸಿ ಅಂಟಿನ ಮೇಲೆ ತಾನೇ ಒತ್ತಿದಳು.

"ಬೀಳಲಿ ಬಿಡಿ."