ಹದಿನೇಳನೇ ನಿವೇಶನದ ಕಾರಣ

ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತ ಪಂಚಾಕ್ಷರಿಯವರು ತೋರುಬೆರಳನ್ನು ಗಾಜಿನ ಫಲಕದ ಮೇಲಿಟ್ಟು, "ಹದಿನೇಳನೇ ನಿವೇಶನದ ಗರಿಷ್ಠ ಬಿಡ್ ತಿರಸ್ಕರಿಸಲಾಗಿದೆ" ಎಂದರು. ಹೇತುದರ್ಶಿ ಯಂತ್ರ ಗುಂಯ್‌ಗುಟ್ಟಿತು. ಪರದೆಯ ಮೇಲೆ ಒಂದೇ ಪದ ಮೂಡಿತು: ಭಯ.

ಕೆಂಪು ದೀಪ ಹತ್ತಿತು. ಆದೇಶ ಹೊರಬರಲಿಲ್ಲ.

ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಿದ ಮಾತ್ರಕ್ಕೆ ಜಾಗ ಸಿಕ್ಕೇ ತೀರುತ್ತದೆ ಎಂದು ಕಾನೂನು ಎಂದೂ ಹೇಳಿರಲಿಲ್ಲ. ಪ್ರಾಧಿಕಾರ ಬೇಡ ಎನ್ನಬಹುದಿತ್ತು. ಆದರೆ ಅದಕ್ಕೆ ಕಾರಣ ಇರಬೇಕು. ಆ ಕಾರಣ ಜಾಗಕ್ಕೋ, ಬೆಲೆಗೋ, ಹರಾಜು ನಡೆದ ರೀತಿಗೋ ಸಂಬಂಧಿಸಿರಬೇಕು. ಹಿಂದೆಲ್ಲ 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದು ಗುಮಾಸ್ತರು ಆಮೇಲೆ ಬರೆದು ಸೇರಿಸುತ್ತಿದ್ದರು. ಡಾ. ನಳಿನಾಕ್ಷಿಯವರ ಹೇತುದರ್ಶಿ ಆ ದಾರಿಯನ್ನು ಮುಚ್ಚಿತ್ತು. ನಿರ್ಧಾರದ ಕ್ಷಣದಲ್ಲಿ ಬೆರಳಿನ ನರಸ್ಪಂದನವನ್ನು ಓದಿ, ಮನಸ್ಸನ್ನು ನಿಜವಾಗಿ ತಳ್ಳಿದ್ದು ಯಾವುದೋ ಅದನ್ನೇ ಅದು ಬರೆಯುತ್ತಿತ್ತು; ಕಾರಣ ಸಲ್ಲದ್ದಾದರೆ ಆದೇಶವನ್ನು ತಡೆಯುತ್ತಿತ್ತು.

"ಯಾರ ಭಯರೀ ಸಾಹೇಬ್ರ? ನನ್ನದಾ?" ಆ ಬಿಡ್ ಕೂಗಿ ಎದುರು ಕುಳಿತಿದ್ದ ಶಂಕ್ರವ್ವ ಕೇಳಿದರು. ಹನ್ನೊಂದು ಹೆಂಗಸರ ರೊಟ್ಟಿ ಕೇಂದ್ರ ಅವರದು. ರಸ್ತೆ ಅಗಲ ಮಾಡಲು ಅವರ ತಗಡಿನ ಶೆಡ್ಡನ್ನು ತಿಂಗಳ ಕೊನೆಗೆ ಕೆಡವುವುದಿತ್ತು. ಹದಿನೇಳನೇ ನಿವೇಶನ ಸಿಗದಿದ್ದರೆ ಒಲೆ ಹೂಡಲು ಬೇರೆ ನೆಲ ಇರಲಿಲ್ಲ.

ಪಂಚಾಕ್ಷರಿ ಬೆವರು ಒರೆಸಿಕೊಂಡರು. "ಮೊದಲ ಹರಾಜನ್ನು ಮುರಿಯುವುದು ಈ ಕಚೇರಿಯ ಪದ್ಧತಿ, ಅಕ್ಕಾ. ಯಾಕಿಷ್ಟು ಕಡಿಮೆಗೆ ಕೊಟ್ಟಿರಿ ಅಂತ ನಾಳೆ ಆಡಿಟ್‌ನವರು ಕೇಳಿದರೆ?"

"ಹಂಗಾದ್ರ ಹೂಂ ಅನ್ರಿ."

ಅವರು ಬೆರಳಿಟ್ಟು, "ಅಂಗೀಕರಿಸಲಾಗಿದೆ" ಎಂದರು. ಪರದೆಯ ಮೇಲೆ ಮತ್ತೆ ಅದೇ: ಭಯ. ಈ ಸಲ ಅವರು ಹೆದರಿದ್ದು ಯಂತ್ರಕ್ಕೇ.

"ಒಲ್ಲೆ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ನನ್ನ ಗಂಡನೂ ಹಿಂಗ ಇದ್ದ ನೋಡ್ರಿ ಮೇಡಂ."

ಯಂತ್ರದ ಪಕ್ಕ ಕುಳಿತಿದ್ದ ನಳಿನಾಕ್ಷಿ ನಗಲಿಲ್ಲ. "ಲಂಚ ಹಿಡಿಯಲೆಂದು ಇದನ್ನು ಮಾಡಿದೆ. ಭಯ ಇರುವುದು ತಪ್ಪಲ್ಲ. ಆದರೆ ಇವರ ಒಳಗೆ ಭಯದ ಜೊತೆ ಬೇರೇನೂ ಇಲ್ಲ. ಆ ಜಾಗದ ಬಗ್ಗೆ ಒಂದು ಸಂಗತಿಯೂ ಇಲ್ಲ."

"ಜಾಗ ನೋಡೀರೇನ್ರಿ ಸಾಹೇಬ್ರ?"

ಹತ್ತೊಂಬತ್ತು ವರ್ಷಗಳಲ್ಲಿ ಪಂಚಾಕ್ಷರಿ ನಾನೂರು ನಿವೇಶನ ಮಾರಿದ್ದರು, ಎಲ್ಲವನ್ನೂ ನಕ್ಷೆಯ ಮೇಲೆ. ಒಂದರ ಮೇಲೂ ನಿಂತಿರಲಿಲ್ಲ. ಅವರು ಎದ್ದು ಜೀಪು ತರಿಸಿದರು.

ನಿವೇಶನದಲ್ಲಿ ಶಂಕ್ರವ್ವ ಹಿಮ್ಮಡಿಯಿಂದ ಗೆರೆ ಎಳೆಯುತ್ತ ಓಡಾಡಿದರು. ಇಲ್ಲಿ ಹಿಟ್ಟು, ಇಲ್ಲಿ ಕೂಸುಗಳ ತೊಟ್ಟಿಲು, ಇಲ್ಲಿ ಆರು ಒಲೆ. ಒಲೆಗಳ ಜಾಗದಲ್ಲಿ ಮಾತ್ರ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿತ್ತು. ಪಂಚಾಕ್ಷರಿ ಕುತೂಹಲದಿಂದ ಅಲ್ಲಿಗೆ ಹೋಗಿ ಕಾಲು ಬಡಿದರು. ಸದ್ದು ಬೇರೆಯಾಗಿತ್ತು.

"ಅಲ್ಲಿ ನಿಲ್ಲಬ್ಯಾಡ್ರಿ!" ಎದುರುಮನೆಯ ಮುದುಕರೊಬ್ಬರು ಕಟ್ಟೆಯಿಂದ ಕೂಗಿದರು. "ಅದು ಬಾವಿ. ಲೇಔಟ್ ಮಾಡುವಾಗ ಕಸ ತುಂಬಿ ಮುಚ್ಚ್ಯಾರ."

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಪಂಚಾಕ್ಷರಿ ಕೇಳಿದರು.

"ಕೇಳಾಕ ಯಾರ ಬಂದಿದ್ರಿ?"

ಚಾಲಕ ಜೀಪಿನಿಂದ ಕಬ್ಬಿಣದ ಸಲಾಕೆ ತಂದ. ಅದು ಗಜದುದ್ದ ಸಲೀಸಾಗಿ ಇಳಿಯಿತು.

ಕಚೇರಿಗೆ ಮರಳಿದ ಪಂಚಾಕ್ಷರಿ ಬಹಳ ಹೊತ್ತು ಬೆರಳನ್ನು ಗಾಜಿನಿಂದ ದೂರವೇ ಹಿಡಿದಿದ್ದರು. ಆಮೇಲೆ ಬೆರಳಿಟ್ಟು ಮೆಲ್ಲಗೆ, "ತಿರಸ್ಕರಿಸಲಾಗಿದೆ" ಎಂದರು.

ಪರದೆಯ ಮೇಲೆ ಮೂಡಿತು: 'ನಿವೇಶನದ ಅಡಿಯಲ್ಲಿ ಮುಚ್ಚಿದ ಬಾವಿ ಇದೆ. ನೆಲ ಕುಸಿದರೆ ಒಲೆಯ ಮುಂದೆ ಕುಳಿತವರು ಸಾಯುತ್ತಾರೆ.'

ಹಸಿರು ದೀಪ. ಆದೇಶ ಹೊರಬಂತು. ನಳಿನಾಕ್ಷಿ ಅರಿವಿಲ್ಲದೆ ಒಂದು ಚಪ್ಪಾಳೆ ತಟ್ಟಿ, ನಾಚಿ ಕೈ ಇಳಿಸಿದರು.

ಶಂಕ್ರವ್ವ ಕಾಗದವನ್ನು ಎರಡು ಸಲ ಓದಿದರು. "ಸುಳ್ಳು ಕಾರಣ ಕೊಟ್ಟಿದ್ರ ಕೋರ್ಟಿಗೆ ಹೋಗ್ತಿದ್ದೆ. ಇದಕ್ಕ ಯಾರ ಹಂತ್ಯಾಕ ಹೋಗ್ಲಿ?"

ಪಂಚಾಕ್ಷರಿ ಉಳಿದ ನಿವೇಶನಗಳ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದರು. "ಬಿಸಿಲು ಇಳಿಯುವುದರೊಳಗೆ ಇನ್ನೆರಡು ನೋಡಬಹುದು, ಅಕ್ಕಾ."

ಶಂಕ್ರವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತರು.

"ನಡೀರಿ. ಈ ಸಲ ಒಲಿ ಹೂಡೋ ಜಾಗದಾಗ ನೀವ ಮೊದಲು ನಿಲ್ರಿ."