ಗಂಟೆಗೊಂದು ಪದ

ಬೆಳಗ್ಗೆ ಒಂಬತ್ತೂವರೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಓದಿದ. ಅವನು ಏನು ಮಾಡಿದರೂ ಎರಡೆರಡು ಸಲ. ಅದಕ್ಕೇ ಠಾಣೆಯವರ ಬಾಯಲ್ಲಿ ಅವನು ನಿಧಾನಪ್ಪ. ಈಜುಕೊಳದ ಕೋಚ್ ಒಬ್ಬಳ ಫಿಟ್‌ನೆಸ್ ಬ್ಯಾಂಡ್ ಕಳುವಾಗಿತ್ತು, ಅದೂ ಹಳೆಯದು.

"ಹೊಸದು ಕೊಡಿಸ್ತೀನಿ ಅಂದ್ರೂ ಕೇಳ್ತಿಲ್ಲ ಮೇಡಂ," ಎಂದ ಜೊತೆಗೆ ಬಂದಿದ್ದ ಗಂಡ.

ಇನ್‌ಸ್ಪೆಕ್ಟರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಂಡತಿಯ ದೂರನ್ನು ಗಂಡ ಹೇಳಿದರಂತೂ ಕೇಳುವುದೇ ಬೇಡ. "ನೀವು ಹೊರಗೆ ಕೂತಿರಿ," ಎಂದಳು.

ಬಾಗಿಲು ಮುಚ್ಚಿದ ಮೇಲೆ ಕೋಚ್ ಬಾಯಿಬಿಟ್ಟಳು. "ನನ್ನ ಉಳಿತಾಯ ಎಲ್ಲ ಕ್ರಿಪ್ಟೊದಲ್ಲಿದೆ. ಅದನ್ನ ತೆಗೆಯೋಕೆ ಹನ್ನೆರಡು ಪದ ಬೇಕು. ಒಂದೊಂದು ಅಲಾರಂಗೆ ಒಂದೊಂದು ಪದ ಹೆಸರಾಗಿ ಹಾಕಿಟ್ಟಿದ್ದೆ. ಬೆಳಗ್ಗೆ ಆರರಿಂದ ಸಂಜೆ ಐದರವರೆಗೆ, ಗಂಟೆಯಾಗಿ ಏಳು ನಿಮಿಷಕ್ಕೆ ಬ್ಯಾಂಡ್ ನಡುಗುತ್ತೆ. ಪದ ಅರ್ಧ ನಿಮಿಷ ಕಾಣುತ್ತೆ, ಹೋಗುತ್ತೆ. ನೋಡಿದವರು ಕ್ಲಾಸಿನ ಅಲಾರಂ ಅಂದ್ಕೊಳ್ತಾರೆ."

"ಬೇರೆಲ್ಲೂ ಇಲ್ವಾ?"

"ಹಳೇ ಫೋನಲ್ಲಿತ್ತು. ಅದು ಕೊಳಕ್ಕೆ ಬಿತ್ತು. ಮನೇಲಿ ಬರೆದಿಟ್ರೆ ಅವರ ಕೈಗೆ ಸಿಗುತ್ತೆ." ಅವಳು ಬಾಗಿಲ ಕಡೆ ನೋಡಿದಳು. "ಮಗಳನ್ನ ಕರ್ಕೊಂಡು ಬೇರೆ ಮನೆ ಮಾಡೋಕೆ ಅಂತಲೇ ಕೂಡಿಟ್ಟಿದ್ದು."

"ಕದ್ದವನಿಗೆ ವಿಷಯ ಗೊತ್ತಿದ್ರೆ?"

"ಸಂಜೆ ಹೊತ್ತಿಗೆ ಹನ್ನೆರಡೂ ಸಿಗುತ್ತೆ. ಆಮೇಲೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ."

ಎಫ್‌ಐಆರ್‌ಗೆ ಸಹಿ ಬೀಳುವಾಗ ಹತ್ತು ದಾಟಿತ್ತು. ಹೊರಗಿನ ಬೆಂಚು ಖಾಲಿ. ಸ್ವಲ್ಪ ಹೊತ್ತಿಗೆ ಗಂಡ ಅಂಗಳದಿಂದ ಬಂದು, ಫೋನ್ ಬಂದಿತ್ತು ಎಂದ.

ಹನ್ನೊಂದಕ್ಕೆ ಈಜುಕೊಳದ ಆಫೀಸಿನಲ್ಲಿ ಪಂಚನಾಮೆ ಶುರುವಾಯಿತು. ಕ್ಲೋರಿನ್ ವಾಸನೆ, ಒದ್ದೆ ಟವೆಲುಗಳು, ಮೇಜಿನ ಮೇಲೆ ಇನ್ನೂ ಪ್ಲಗ್‌ನಲ್ಲೇ ಇದ್ದ ಚಾರ್ಜರ್ ವೈರು. ನಿನ್ನೆ ಸಂಜೆ ಬ್ಯಾಂಡನ್ನು ಚಾರ್ಜಿಗೆ ಹಾಕಿ ಕೋಚ್ ಸ್ನಾನಕ್ಕೆ ಹೋಗಿದ್ದಳು.

"ಆಗ ಒಳಗೆ ಯಾರು ಬಂದಿದ್ರು?" ಎಂದು ಇನ್‌ಸ್ಪೆಕ್ಟರ್ ನೆಲ ಒರೆಸುವವಳನ್ನು ಕೇಳಿದಳು.

"ಯಾರೂ ಇಲ್ಲಮ್ಮ. ಇವರ ಯಜಮಾನ್ರು ಬಂದು ಬ್ಯಾಗ್ ತಗೊಂಡು ಹೋದ್ರು, ಅಷ್ಟೇ."

ಇನ್‌ಸ್ಪೆಕ್ಟರ್ ತಿರುಗಿದಳು. ಯಜಮಾನ ಇರಲಿಲ್ಲ. "ಹೊಟ್ಟೆ ಸರಿಯಿಲ್ವಂತೆ, ಟಾಯ್ಲೆಟ್‌ಗೆ ಹೋದ್ರು," ಎಂದ ನಿಧಾನಪ್ಪ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಏಳು. ಕಳ್ಳನಿಗೊಂದು ಪಿಳ್ಳೆ ನೆವ. ಹತ್ತಕ್ಕೆ ಫೋನು, ಹನ್ನೊಂದಕ್ಕೆ ಹೊಟ್ಟೆ. ತನ್ನ ಠಾಣೆಯ ಅಂಗಳದಲ್ಲೇ ನಿಂತು ಕದ್ದ ಮಾಲು ಓದಿದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಹನ್ನೆರಡಕ್ಕೆ ಅವನನ್ನು ಠಾಣೆಯ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಹೆಂಡತಿಯನ್ನೂ ಕೂರಿಸಿದಳು.

"ನಿನ್ನೆ ಆಫೀಸಿಗೆ ಯಾಕೆ ಹೋಗಿದ್ರಿ?"

"ಬ್ಯಾಗ್ ತರೋಕೆ."

"ಬ್ಯಾಂಡ್ ನೋಡಿದ್ರಾ?"

"ಇಲ್ಲ." ಅವನು ಎದ್ದ. "ಒಂದ್ನಿಮಿಷ, ನೀರು ಕುಡಿದು ಬರ್ತೀನಿ."

"ಕೂತ್ಕೊಳ್ಳಿ. ನೀರು ಇಲ್ಲಿಗೇ ಬರುತ್ತೆ."

ಕೂತ. ಗಡಿಯಾರದ ಮುಳ್ಳು ಏಳನೇ ನಿಮಿಷಕ್ಕೆ ಬಂತು. ಕುರ್ಚಿಯ ಕಾಲಿನ ಹತ್ತಿರ ಗುರ್ ಎಂದಿತು. ನಿಧಾನಪ್ಪ, ಹುಟ್ಟಿದಾಗಿನಿಂದ ಮೊದಲ ಸಲ ಅವಸರ ಮಾಡಿ, ಅವನ ಎಡಗಾಲಿನ ಕಾಲುಚೀಲ ಇಳಿಸಿದ. ಬ್ಯಾಂಡ್ ಹರಡಿಗೆ ಬಿಗಿದಿತ್ತು. ಇನ್‌ಸ್ಪೆಕ್ಟರ್ ಅದನ್ನು ಬಿಚ್ಚಿ, ತಾನು ನೋಡದೆ, ಹೊಳೆಯುತ್ತಿದ್ದ ಪರದೆಯನ್ನು ಕೋಚ್ ಕಡೆ ತಿರುಗಿಸಿದಳು.

"ಹೇಗೆ ಗೊತ್ತಾಯ್ತು?" ಎಂದು ಅವನನ್ನು ಕೇಳಿದಳು.

"ರಜಾ ದಿನವೂ ನಡುಗ್ತಿತ್ತು. ಕ್ಲಾಸಿಲ್ಲದ ದಿನ ಅಲಾರಂ ಯಾಕೆ? ಪಕ್ಕದಲ್ಲಿ ಕೂತು ಒಂದೆರಡು ಓದಿದೆ. ಅರ್ಥ ಆಯ್ತು."

"ದುಡ್ಡು ಏನ್ಮಾಡ್ತಿದ್ದೆ?"

"ಬಿಡಿಗಾಸೂ ಮುಟ್ತಿರಲಿಲ್ಲ. ಪದಗಳು ನನ್ನ ಹತ್ರ ಇದ್ರೆ ಸಾಕಿತ್ತು." ಅವನ ದನಿ ಏರಲಿಲ್ಲ. "ಹೋಗೋ ಮುಂಚೆ ನನ್ನ ಕೇಳಬೇಕಾಗ್ತಿತ್ತಲ್ಲ."

ಇನ್‌ಸ್ಪೆಕ್ಟರ್ ಕೈ ಮುಷ್ಟಿಯಾಯಿತು. ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ದಸ್ತಗಿರಿ ಎಂದು ಬರೆಸಿ, ಅವನ ಜೇಬಿನಲ್ಲಿದ್ದ ಚೀಟಿಯನ್ನು ಕೋಚ್ ಕೈಗೆ ಕೊಟ್ಟಳು. ಅದರಲ್ಲಿದ್ದದ್ದು ಐದೇ ಪದ. ಬೆಳಗ್ಗೆ ಆರರ ಮೊದಲ ಪದ ಬಂದಾಗ ಅವನು ಮಲಗೇ ಇದ್ದನಂತೆ.

"ಬ್ಯಾಂಡ್ ಸೀಲ್ ಮಾಡ್ಲಾ ಮೇಡಂ?" ಎಂದ ನಿಧಾನಪ್ಪ. "ಜಪ್ತಿ ಮಾಲು."

"ಮಾಡು. ನಾಳೆ ಬೆಳಗ್ಗೆ ಏಳರ ಮೇಲೆ."

ಒಂದೂ ಏಳಕ್ಕೆ ಮೇಜಿನ ಮೇಲೆ ಬ್ಯಾಂಡ್ ನಡುಗಿತು. ಕೋಚ್ ಬಾಗಿದಳು. ಠಾಣೆಯಲ್ಲಿದ್ದವರೆಲ್ಲ ಗೋಡೆ ನೋಡುತ್ತ ನಿಂತರು.